ಟಿವಿಯಲ್ಲಿ ಮಾತಾಡೋಕೆ ಅಷ್ಟೊಂದು ದುಡ್ಡಾ?

ನವೆಂಬರ್ ಬಂದರೆ ನನಗೆ ಬಿಡುವಿಲ್ಲ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಡಿಸೆಂಬರ್ ಮುಗಿದರೂ ಮುಗಿಯುವುದಿಲ್ಲ, ನಿಮಗೇ ಗೊತ್ತು. ಒಂದಲ್ಲ ಒಂದು ಬಡಾವಣೆಯವರು ನಿರೂಪಣೆಗೆ ಕರೆಯುತ್ತಾರೆ. ಕಾರ್ಯಕ್ರಮ ಮುಗಿದು, ಶಾಲು ಮಡಚಿ ಬ್ಯಾಗಿಗೆ ತುರುಕಿ, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬರುತ್ತಾರೆ.

"ಮೇಡಂ, ನೀವು ರೇಡಿಯೋದಲ್ಲೂ ಇದ್ರಂತೆ. ಈ ಸರ್ಕಾರಿ ಟಿವಿಯವರು ಮಾತಾಡೋರಿಗೆ ಕೋಟಿಗಟ್ಟಲೆ ಕೊಡ್ತಾರಂತಲ್ಲ. ನಮ್ಮ ತೆರಿಗೆ ದುಡ್ಡು ಅದು. ಸರಿನಾ ಇದು?"

ಕೇಳುವಾಗ ಅವರ ಕಣ್ಣು ನನ್ನ ಕೈಯಲ್ಲಿರುವ ಕವರಿನ ಮೇಲಿರುತ್ತದೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಕೋಟಿಗೆ ಸುಮಾರು ಸೊನ್ನೆ ಕಡಿಮೆ ಬಿದ್ದಿರುತ್ತವೆ. ಅದಿರಲಿ.

ಇದೇ ಪ್ರಶ್ನೆ ಇಂಗ್ಲೆಂಡಿನಿಂದಲೂ ಬರುತ್ತದೆ. ಅಕ್ಕನ ಮಗ ಲೀಡ್ಸ್‌ನಲ್ಲಿದ್ದಾನೆ. ಅಲ್ಲಿ ಯಾವ ಚಾನೆಲ್ ಆದರೂ ಸರಿ, ಲೈವ್ ಟಿವಿ ನೋಡಬೇಕಾದರೆ ಮನೆಗೊಂದು ಲೈಸೆನ್ಸ್ ಬೇಕು. 2025ರಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಅಲ್ಲಿನ ಸಾರ್ವಜನಿಕ ಟಿವಿ-ರೇಡಿಯೋ ಸಂಸ್ಥೆ ಬಿಬಿಸಿ ಮುಖ್ಯವಾಗಿ ನಡೆಯುವುದೇ ಆ ದುಡ್ಡಿನಲ್ಲಿ. "ಚಿಕ್ಕಮ್ಮ, ನಾನು ನೋಡೋದು ಕ್ರಿಕೆಟ್ಟು. ಫುಟ್‌ಬಾಲ್ ಬಗ್ಗೆ ಮಾತಾಡೋನಿಗೆ ನಾನ್ಯಾಕೆ ಸಂಬಳ ಕೊಡ್ಲಿ?" ಅಂತ ಅವನ ಗೋಳು.

ಉಪ್ಪಿಟ್ಟು ಆರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೇ ಸಾಮಾನು ತೋರಿಸುತ್ತೇನೆ. ನಮ್ಮಪ್ಪನ ಟ್ರಂಕಿನಲ್ಲಿ ಒಂದು ಚಿಕ್ಕ ಪುಸ್ತಕ ಇದೆ. ಅಂಚು ಗೆದ್ದಲು ತಿಂದಿದೆ. ಒಳಗಿನ ಹಾಳೆಗಳಲ್ಲಿ ವರ್ಷ ವರ್ಷದ ಸ್ಟಾಂಪು, ಅದರ ಮೇಲೆ ಪೋಸ್ಟಾಫೀಸಿನ ದುಂಡು ಮೊಹರು. ಅದು ರೇಡಿಯೋ ಲೈಸೆನ್ಸು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ನಮ್ಮಲ್ಲೂ ರೇಡಿಯೋ ಇಟ್ಟುಕೊಳ್ಳಲು ವರ್ಷಕ್ಕೆ 15 ರೂಪಾಯಿ ಕಟ್ಟಬೇಕಿತ್ತು. ಎಂಬತ್ತರ ದಶಕದ ನಡುವೆ ಅದು ರದ್ದಾಯಿತು. ಅಪ್ಪ ಆ 15 ರೂಪಾಯಿಯ ಲೆಕ್ಕವನ್ನು ಬಾಯಲ್ಲಿ ತೀರಿಸಿಕೊಳ್ಳುತ್ತಿದ್ದರು. ವಾರ್ತೆ ಓದುವವರು ಒಂದಕ್ಷರ ತಡವರಿಸಿದರೆ "ದುಡ್ಡು ಕಟ್ಟಿದ್ದೀನಿ ಕಣಯ್ಯಾ, ಸರಿಯಾಗಿ ಓದು" ಎಂದು ಮರ್ಫಿ ರೇಡಿಯೋಗೆ ಗದರುತ್ತಿದ್ದರು. ಸಂಸ್ಕೃತ ವಾರ್ತೆಗೂ ಗದರುತ್ತಿದ್ದರು, ಒಂದು ಪದ ಅರ್ಥವಾಗದಿದ್ದರೂ. ಅದನ್ನು ಓದುತ್ತಿದ್ದ ಬಲದೇವಾನಂದ ಸಾಗರಃ ಅವರ ಹೆಸರು ಮಾತ್ರ ಮನೆಮಂದಿಗೆಲ್ಲ ಬಾಯಿಪಾಠ.

ಲೈಸೆನ್ಸ್ ಹೋದಮೇಲೆ ನಾವು ದುಡ್ಡು ಕೊಡುವುದೇನೂ ನಿಂತಿಲ್ಲ. ಕೊಡುತ್ತಿರುವುದು ಕಾಣುವುದಿಲ್ಲ, ಅಷ್ಟೇ. ಆಕಾಶವಾಣಿ, ದೂರದರ್ಶನ ಎರಡೂ 1997ರಿಂದ ಪ್ರಸಾರ ಭಾರತಿಯ ಕೆಳಗಿವೆ. ಅದರ ಖರ್ಚಿನ ದೊಡ್ಡ ಪಾಲು ಕೇಂದ್ರ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಖಾಸಗಿ ಚಾನೆಲ್ಲೂ ಪುಕ್ಕಟೆ ಅಲ್ಲ ಅನ್ನಿ. ಅಲ್ಲಿನ ನಿರೂಪಕರ ಸಂಬಳ ನೀವು ಕೊಳ್ಳುವ ಸೋಪು, ಟೀ ಪುಡಿಯ ಬೆಲೆಯಲ್ಲಿ ಸೇರಿಕೊಂಡಿರುತ್ತದೆ. ಆದರೆ ಆ ಸೋಪು ಬೇಡ ಅಂದರೆ ಬಿಡಬಹುದು. ತೆರಿಗೆಯನ್ನು ಹಾಗೆ ಬಿಡೋಕಾಗುತ್ತಾ?

ಈ ಪ್ರಶ್ನೆ ನಮ್ಮ ಕಡೆ ಜಾಸ್ತಿ ಕೇಳಿಬಂದದ್ದು 2025ರಲ್ಲಿ. ಖಾಸಗಿ ಹಿಂದಿ ಚಾನೆಲ್ಲಿನಲ್ಲಿದ್ದ ನಿರೂಪಕ ಸುಧೀರ್ ಚೌಧರಿ ದೂರದರ್ಶನದ ಡಿಡಿ ನ್ಯೂಸ್‌ಗೆ ಬಂದರು. ಅವರ ಕಂಪನಿಯ ಜೊತೆ ವರ್ಷಕ್ಕೆ 15 ಕೋಟಿ ರೂಪಾಯಿಯ ಒಪ್ಪಂದ ಆಗಿದೆ ಎಂದು ಪತ್ರಿಕೆಗಳು ಬರೆದವು. ರಾಷ್ಟ್ರಪತಿಯವರ ಸಂಬಳ ತಿಂಗಳಿಗೆ 5 ಲಕ್ಷ, ಅಂದರೆ ವರ್ಷಕ್ಕೆ 60 ಲಕ್ಷ. 15 ಕೋಟಿ ಆಗಲು ರಾಷ್ಟ್ರಪತಿಯಾಗಿ 25 ವರ್ಷ ಕೂರಬೇಕು. ಈ ಲೆಕ್ಕ ಹೇಳಿದರೆ ಜನ ನಗುತ್ತಾರೆ. ಆದರೆ ನ್ಯಾಯವಾಗಿ ನೋಡಿದರೆ ಹೋಲಿಕೆ ಸರಿಯಿಲ್ಲ. ಆ ದುಡ್ಡು ಒಬ್ಬರ ಜೇಬಿಗೆ ಬೀಳುವ ಸಂಬಳ ಅಲ್ಲ, ವಾರಕ್ಕೆ ಐದು ದಿನ ಕಾರ್ಯಕ್ರಮ ಮಾಡಿಕೊಡುವ ಕಂಪನಿಗೆ ಸಲ್ಲುವ ಹಣ. ಬರೆಯುವವರು, ಎಡಿಟ್ ಮಾಡುವವರು ಎಲ್ಲರಿಗೂ ಅದರಲ್ಲೇ ಆಗಬೇಕು. ಅದರಲ್ಲಿ ನಿರೂಪಕರ ಪಾಲೆಷ್ಟು? ಕಂಪನಿ ಅನ್ನುವ ಪರದೆ ನಡುವೆ ಬಂದ ಮೇಲೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿಬಿಸಿಯಲ್ಲೂ ಇದೇ ಕಥೆ. ಹೊರಗಿನ ನಿರ್ಮಾಣ ಕಂಪನಿಯ ಮೂಲಕ ದುಡ್ಡು ತೆಗೆದುಕೊಳ್ಳುವವರ ಹೆಸರು ಬಿಬಿಸಿ ಪ್ರಕಟಿಸುವ ಸಂಬಳದ ಪಟ್ಟಿಗೆ ಬರುವುದಿಲ್ಲ.

ಇಂಥ ಖರ್ಚನ್ನು ಸಮರ್ಥಿಸುವವರ ಹತ್ತಿರ ಒಂದು ಭಾಗಾಕಾರ ಇದೆ. ಗ್ಯಾರಿ ಲಿನೇಕರ್ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮಕ್ಕೆ 2023-24ರಲ್ಲಿ ಸುಮಾರು 13.5 ಲಕ್ಷ ಪೌಂಡ್ ಪಡೆದರು. ಅಲ್ಲಿ ಹೆಚ್ಚುಕಮ್ಮಿ 2.4 ಕೋಟಿ ಲೈಸೆನ್ಸುಗಳಿವೆ. ಹಂಚಿದರೆ ಮನೆಗೆ ವರ್ಷಕ್ಕೆ ಐದಾರು ಪೆನ್ಸ್, ಆರು ರೂಪಾಯಿ ಚಿಲ್ಲರೆ. ದರ್ಶಿನಿಯ ಬೈ-ಟು ಕಾಫಿಯಲ್ಲಿ ಅರ್ಧ ಲೋಟವೂ ಬರಲ್ಲ. ನಮ್ಮ 15 ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಹತ್ತು ಪೈಸೆ. "ಹತ್ತು ಪೈಸೆಗೆ ಯಾಕ್ ಸಾರ್ ಬಡ್ಕೊಳ್ತೀರ?" ಅನ್ನುತ್ತಾರೆ. ನನಗೆ ಈ ವಾದ ಒಗ್ಗುವುದಿಲ್ಲ. ಊರಿಗೆಲ್ಲ ಹಂಚಿದರೆ ಯಾವ ಖರ್ಚು ತಾನೇ ದೊಡ್ಡದು? ರಸ್ತೆಗುಂಡಿ ಮುಚ್ಚಿದ ಸುಳ್ಳು ಬಿಲ್ಲನ್ನೂ ಬೆಂಗಳೂರಿನ ಜನಕ್ಕೆ ಹಂಚಿ ನೋಡಿ, ಅದೂ ಪೈಸೆ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ನಾನು ನೋಡುವುದು ಪಕ್ಕದ ಕುರ್ಚಿಯನ್ನು. ಅದೇ ಕೆಲಸ ಮಾಡುವ ಇನ್ನೊಬ್ಬರಿಗೆ ಎಷ್ಟು ಕೊಡುತ್ತಿದ್ದಾರೆ?

ಇದು ಬೀದಿಗೆ ಬಂದದ್ದು 2017ರ ಜುಲೈನಲ್ಲಿ. ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್‌ಗಿಂತ ಹೆಚ್ಚು ಪಡೆಯುವವರ ಹೆಸರನ್ನು ಬಿಬಿಸಿ ಮೊದಲ ಸಲ ಪ್ರಕಟಿಸಿತು. ಇಷ್ಟಪಟ್ಟು ಕೊಟ್ಟದ್ದಲ್ಲ, ಬಿಬಿಸಿ ಹೇಗೆ ನಡೆಯಬೇಕು ಎಂದು ಹೇಳುವ ಹೊಸ ರಾಜ ಸನದಿನಲ್ಲಿ (ರಾಯಲ್ ಚಾರ್ಟರ್) ಹಾಗೆ ಬರೆದಿತ್ತು. ಹೆಸರು ಬಿಟ್ಟುಕೊಟ್ಟರೆ ಬೇರೆ ಚಾನೆಲ್‌ನವರು ಜಾಸ್ತಿ ಕೊಟ್ಟು ಎಳೆದುಕೊಂಡು ಹೋಗುತ್ತಾರೆ ಎಂದು ಅವರು ಕೊನೆಯವರೆಗೂ ಗೊಣಗಿದರು. ಪಟ್ಟಿಯ ತುದಿಯಲ್ಲಿ ಬೆಳಗಿನ ರೇಡಿಯೋ ಕಾರ್ಯಕ್ರಮದ ನಿರೂಪಕ ಕ್ರಿಸ್ ಇವಾನ್ಸ್, 22 ಲಕ್ಷ ಪೌಂಡ್‌ಗೂ ಮೇಲೆ. ಮೊದಲ ಏಳು ಜನರಲ್ಲಿ ಒಬ್ಬ ಹೆಂಗಸೂ ಇಲ್ಲ. ಹೆಂಗಸರಲ್ಲಿ ಎಲ್ಲರಿಗಿಂತ ಹೆಚ್ಚು ಪಡೆಯುತ್ತಿದ್ದ ಕ್ಲಾಡಿಯಾ ವಿಂಕಲ್‌ಮನ್‌ಗೆ 5 ಲಕ್ಷದ ಒಳಗೆ. ಇಷ್ಟು ದಿನ ಜನ ಕೂಗಾಡಿದ್ದು ಒಂದಕ್ಕೆ, ಪಟ್ಟಿ ತೆರೆದರೆ ಒಳಗಿದ್ದದ್ದೇ ಇನ್ನೊಂದು. ಚೀನಾ ಸಂಪಾದಕಿಯಾಗಿದ್ದ ಕ್ಯಾರಿ ಗ್ರೇಸಿ 2018ರ ಜನವರಿಯಲ್ಲಿ ಆ ಹುದ್ದೆಯನ್ನೇ ಬಿಟ್ಟರು. ನನಗೆ ಜಾಸ್ತಿ ಬೇಡ, ಗಂಡಸರಿಗೆ ಕೊಟ್ಟಷ್ಟು ಕೊಡಿ ಅನ್ನುವುದು ಅವರ ಮಾತಾಗಿತ್ತು. ಕೊನೆಗೆ ಬಾಕಿ ಸಂಬಳ ಬಂದಾಗ ಆ ಹಣವನ್ನು ಮಹಿಳೆಯರ ಹಕ್ಕಿಗಾಗಿ ದುಡಿಯುವ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟರು. ಗ್ರೇಸಿ ಹುದ್ದೆ ಬಿಟ್ಟ ತಿಂಗಳೇ ಕೆಲವು ಹೆಸರಾಂತ ಗಂಡಸರು ಸಂಬಳ ಕಡಿಮೆ ಮಾಡಿಸಿಕೊಳ್ಳಲು ಒಪ್ಪಿದರು.

ಆದರೆ ನನಗೆ ತುಂಬಾ ಇಷ್ಟವಾದದ್ದು ಬಿಬಿಸಿ ನಿರೂಪಕಿ ಸಮೀರಾ ಅಹ್ಮದ್ ಅವರ ಕೇಸು. ಪ್ರೇಕ್ಷಕರ ದೂರು, ಅಭಿಪ್ರಾಯಗಳ ಮೇಲೆ ನಡೆಯುವ ಹದಿನೈದು ನಿಮಿಷದ ಕಾರ್ಯಕ್ರಮ ಅವರದು. ಒಂದು ಕಂತಿಗೆ 440 ಪೌಂಡ್. ಅಂಥದ್ದೇ ಹದಿನೈದು ನಿಮಿಷದ ಇನ್ನೊಂದು ಕಾರ್ಯಕ್ರಮಕ್ಕೆ ಜೆರೆಮಿ ವೈನ್‌ಗೆ 3,000. ಹತ್ತಿರ ಹತ್ತಿರ ಏಳು ಪಟ್ಟು! ವೈನ್ ಅವರ ಕಾರ್ಯಕ್ರಮಕ್ಕೆ ಕಣ್ಣಲ್ಲಿ ಒಂದು ತುಂಟ ಹೊಳಪು ಬೇಕಾಗುತ್ತದೆ ಎಂದು ಬಿಬಿಸಿಯವರು ವಾದಿಸಿದರು. ಕಣ್ಣು ತಿರುಗಿಸು ಅಂತ ಸ್ಕ್ರಿಪ್ಟಿನಲ್ಲಿದ್ದರೆ ತಿರುಗಿಸುತ್ತಾರೆ, ಅದರಲ್ಲಿ ವಿಶೇಷ ಕೌಶಲ ಏನು ಬಂತು ಎಂಬ ಧಾಟಿಯಲ್ಲಿ ನ್ಯಾಯಮಂಡಳಿ ಹೇಳಿತು. 2020ರ ಜನವರಿಯಲ್ಲಿ ಸಮೀರಾ ಗೆದ್ದರು. ಮೂವತ್ತು ವರ್ಷ ಮೈಕಿನ ಮುಂದೆ ನಿಂತವಳಾಗಿ ಒಂದು ಗುಟ್ಟು ಹೇಳುತ್ತೇನೆ. ಕಣ್ಣಿನ ಹೊಳಪು ಅರ್ಧಕ್ಕರ್ಧ ಲೈಟಿಂಗ್‌ನವನ ಕೈಯಲ್ಲಿರುತ್ತದೆ.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲ ಅನ್ನಲ್ಲ. ಇವಾನ್ಸ್ 2018ರ ಕೊನೆಗೆ ಬಿಬಿಸಿ ಬಿಟ್ಟು ಖಾಸಗಿ ರೇಡಿಯೋಗೆ ಹೋದರು. ಆ ಬೆಳಗಿನ ಕಾರ್ಯಕ್ರಮಕ್ಕೆ ಜೋಯಿ ಬಾಲ್ ಎಂಬ ನಿರೂಪಕಿ ಬಂದರು. ಒಂದಷ್ಟು ಕೇಳುಗರು ಹೋದದ್ದು ನಿಜ. ಆದರೂ ಆ ದೇಶದಲ್ಲಿ ಅತಿ ಹೆಚ್ಚು ಜನ ಕೇಳುವ ಬೆಳಗಿನ ಕಾರ್ಯಕ್ರಮವಾಗಿ ಅದೇ ಉಳಿಯಿತು. ಅಂದರೆ ಜನ ಹೆಸರಿಗೂ ಬರುತ್ತಾರೆ, ಹೊತ್ತಿಗೂ ಬರುತ್ತಾರೆ. ಹಲ್ಲುಜ್ಜುವಾಗ ರೇಡಿಯೋ ಹಾಕುವ ಅಭ್ಯಾಸ ಯಾವ ನಿರೂಪಕರ ಆಸ್ತಿಯೂ ಅಲ್ಲ. ತಮಾಷೆ ಅಂದರೆ ಆಮೇಲೆ ಜೋಯಿ ಬಾಲ್ ಸಂಬಳವೂ ಹತ್ತು ಲಕ್ಷ ಪೌಂಡ್ ದಾಟಿತು.

ಈಗ ನನ್ನ ಕುರ್ಚಿಯ ವಿಷಯ. ನಾನು ರೇಡಿಯೋದಲ್ಲಿದ್ದದ್ದು ಕ್ಯಾಶುಯಲ್ ಅನೌನ್ಸರ್ ಆಗಿ. ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ, ಡ್ಯೂಟಿಗಿಷ್ಟು ಅಂತ ದುಡ್ಡು. ಒಂದು ದಿನ ಕೃಷಿ ಕಾರ್ಯಕ್ರಮ ಮುಗಿದ ಮೇಲೆ ಡ್ಯೂಟಿ ರೂಮಿಗೆ ಫೋನ್ ಬಂತು. ಕೊಪ್ಪದ ಕಡೆಯ ಹಿರಿಯರು. ಮಗನ ಮನೆಗೆಂದು ಬೆಂಗಳೂರಿನ ವಿಜಯನಗರಕ್ಕೆ ಬಂದಿದ್ದಾರೆ. ಊರಲ್ಲಿ ಮಳೆ ಹಿಡಿದಿದೆ, ಅಡಿಕೆಗೆ ಕೊಳೆ ರೋಗ ಬೀಳುವ ಭಯ, ಬೋರ್ಡೋ ದ್ರಾವಣ ಸಿಂಪಡಿಸಬೇಕು.

"ತಂಗೀ, ಬೋರ್ಡೋ ಅಳತೆ ಹೇಳಿದ್ರಲ್ಲ, ಪೆನ್ನು ಹುಡುಕೋದ್ರೊಳಗೆ ಮುಗಿದೋಯ್ತು. ಇನ್ನೊಂದ್ಸಲ ಹೇಳ್ತೀರಾ? ಊರಿಗೆ ಫೋನ್ ಮಾಡಿ ಹೇಳ್ಬೇಕು."

ನಾನು ಸ್ಕ್ರಿಪ್ಟ್ ತಿರುವಿ ಓದಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅವರು ಒಂದೊಂದೇ ಪದ ತಿರುಗಿ ಹೇಳುತ್ತಾ ಬರೆದುಕೊಂಡರು. "ಸುಣ್ಣನೂ ಒಂದೇ ಕಿಲೋನಾ?" ಎಂದು ಎರಡು ಸಲ ಕೇಳಿದರು. ಫೋನ್ ಇಡುವಾಗ ನನ್ನ ಹೆಸರನ್ನೂ ಕೇಳಲಿಲ್ಲ.

ಇಂಥ ಫೋನಿಗೆ ಯಾವ ಜಾಹೀರಾತಿನವರೂ ದುಡ್ಡು ಕೊಡುವುದಿಲ್ಲ. ಇಡೀ ದಿನ ಶಾಸ್ತ್ರೀಯ ಸಂಗೀತ ಹಾಕಲೆಂದೇ ಬೆಂಗಳೂರಿನಲ್ಲಿ ಅಮೃತವರ್ಷಿಣಿ ಎಂಬ ಎಫ್‌ಎಂ ಶುರು ಮಾಡಿದ್ದು ಆಕಾಶವಾಣಿ. ಬೇರೆ ಯಾರು ಮಾಡುತ್ತಿದ್ದರು ಹೇಳಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದಾಗಲೂ ಲಾಭದ ಲೆಕ್ಕ ಹಾಕಿರಲಿಲ್ಲ. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದಲೇ.

ಹಾಗಾಗಿ ನನ್ನ ಉತ್ತರ ಹೀಗೆ. ಹತ್ತು ಖಾಸಗಿ ಚಾನೆಲ್ಲು ಪುಕ್ಕಟೆ ತೋರಿಸುವುದನ್ನೇ ತೋರಿಸಲು ಸರ್ಕಾರಿ ಚಾನೆಲ್ಲು ಕೋಟಿ ಸುರಿದರೆ ನನ್ನ ಹತ್ತು ಪೈಸೆಯೂ ದಂಡ. ಬೇರೆ ಯಾರೂ ಮಾಡದ ಕೆಲಸಕ್ಕೆ ನಿಜವಾಗಿಯೂ ಒಬ್ಬ ದೊಡ್ಡ ಹೆಸರಿನವರು ಬೇಕೇ ಬೇಕು ಅಂದರೆ ಕೊಡಲಿ, ನನ್ನ ತಕರಾರಿಲ್ಲ. ಆದರೆ ಎಷ್ಟು ಕೊಟ್ಟಿರಿ ಎಂದು ವರ್ಷಕ್ಕೊಮ್ಮೆ ಬರೆದು ಹಾಕಲಿ. ಮೇಲಿನವರ ಪಕ್ಕದಲ್ಲೇ ಕ್ಯಾಶುಯಲ್ ಡ್ಯೂಟಿಯವರ ದರವನ್ನೂ ಹಾಕಲಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ ಕೇಳಬಹುದು, ಗೊತ್ತು. ದುಡ್ಡು ಕೊಟ್ಟವರೇ ಅರ್ಜಿ ಹಿಡಿದು ಲೆಕ್ಕ ಕೇಳುವುದು ಯಾವ ಮನೆಯ ಪದ್ಧತಿ?

ಇಷ್ಟನ್ನೂ ಲೀಡ್ಸ್‌ನವನಿಗೆ ವಾಟ್ಸಾಪ್‌ನಲ್ಲಿ ಏಳು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು.

"ಎಲ್ಲಾ ಸರಿ ಚಿಕ್ಕಮ್ಮ. ಈಗ ಲೈಸೆನ್ಸ್ ಕಟ್ಲಾ, ಬೇಡ್ವಾ?"

"ಕಟ್ಟೋ ಮಾರಾಯ. ಸಿಕ್ಕಿಹಾಕ್ಕೊಂಡ್ರೆ ಸಾವಿರ ಪೌಂಡ್‌ವರೆಗೂ ದಂಡ ಹಾಕ್ತಾರಂತೆ. ರಸೀದಿ ಮಾತ್ರ ಜೋಪಾನವಾಗಿ ಇಟ್ಕೋ, ನಿಮ್ಮ ತಾತನ ಪುಸ್ತಕದ ಜೊತೆ ಇಡ್ತೀನಿ."