ಧನುಷ್ಕೋಡಿಯ ಹವಳದ ಕಲ್ಲು

ರಾಮೇಶ್ವರದಲ್ಲಿ ಎರಡು ದಿನ ದೇವಸ್ಥಾನ, ತೀರ್ಥಸ್ನಾನ ಅಂತಲೇ ಕಳೆದುಹೋಯಿತು. ಮನಸ್ಸಿನಲ್ಲಿ ಉಳಿದದ್ದು ಅದೇ ದ್ವೀಪದ ತುದಿಯಲ್ಲಿರುವ ಪಾಳೂರು ಧನುಷ್ಕೋಡಿಯ ಒಂದು ಬೆಳಿಗ್ಗೆ.

ಹೋಗುವವರು ಆಟೋದವರ ಹತ್ತಿರ ಕಾಯುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮವನು ಅರ್ಧ ಗಂಟೆಗೇ ಹಾರನ್ ಹೊಡೆಯತೊಡಗಿದ. ಅಂಥ ಜಾಗದಲ್ಲಿ ಆ ಸದ್ದು! ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತಕ್ಕೆ ಸಿಕ್ಕಿ ಈ ಊರು ನಾಶವಾಯಿತು. ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರ ಸಮೇತ ಕೊಚ್ಚಿಹೋಯಿತು. ಆಮೇಲೆ ಸರ್ಕಾರ ಇಲ್ಲಿ ಯಾರೂ ವಾಸ ಮಾಡುವ ಹಾಗಿಲ್ಲ ಅಂದಿತು. ಈಗ 'ದೆವ್ವದ ಊರು' ಅಂತ ಹೆಸರು. ಮೀನುಗಾರರ ಗುಡಿಸಲುಗಳು ಮಾತ್ರ ಇವತ್ತಿಗೂ ಇವೆ.

ಪಾಳುಬಿದ್ದ ಚರ್ಚಿಗೆ ಸೂರಿಲ್ಲ. ಗೋಡೆ ಹವಳದ ಕಲ್ಲಿನದು. ಹತ್ತಿರದಿಂದ ನೋಡಿದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು, ಒಳಗೆಲ್ಲ ಮರಳು. ನಾಲ್ಕು ಹುಡುಗರು ಪೂಜೆಯ ಕಟ್ಟೆ ಇದ್ದ ಕಡೆ ಹತ್ತಿ, ದೆವ್ವದ ಹಾಗೆ ಕೂಗುತ್ತಾ ವಿಡಿಯೋ ಮಾಡುತ್ತಿದ್ದರು. ನಮ್ಮ ಕನ್ನಡದ ಹುಡುಗರೇ. ತುಂಬಾ ನಾಚಿಕೆಯಾಯಿತು.

ಪಕ್ಕದಲ್ಲೇ ಒಬ್ಬ ಹೆಂಗಸು ಮೀನು ಹುರಿಯುತ್ತಿದ್ದರು. ನನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ, "ದಿನಾ ಹೀಗೇನಾ ಅಕ್ಕಾ?" ಅಂದೆ.

"ರಜೆ ದಿನ ಜಾಸ್ತಿ, ತಂಬಿ. ದೆವ್ವ ಎಲ್ಲಿ ಬರುತ್ತೆ ಅಂತ ನನ್ನನ್ನೇ ಕೇಳ್ತಾರೆ. ನಮ್ಮಜ್ಜಿಯ ತಂಗಿ ಆವತ್ತು ಹೋದವಳು, ಸಿಗಲೇ ಇಲ್ಲ."

ಬಾಣಲೆಯಲ್ಲಿ ಮೀನು ಮಗುಚಿ ಹಾಕಿದರು.

"ಅಜ್ಜಿ ಒಂದು ವರ್ಷ ಮೀನು ಮುಟ್ಟಲಿಲ್ಲವಂತೆ. ಮೀನು ಹಿಡಿಯೋರ ಮನೆ ನಮ್ಮದು."

ಯಾಕೆ ಅಂತ ನಾನು ಕೇಳಲಿಲ್ಲ. ಸಮುದ್ರದ ಕಡೆ ನೋಡಿದ ಮೇಲೆ ಕೇಳಬೇಕು ಅನ್ನಿಸಲೂ ಇಲ್ಲ.

"ಫೋಟೋ ತೆಗೀಲಿ, ಬೇಡ ಅನ್ನಲ್ಲ. ಕೂಗೋದು ಬೇಡ. ಆ ರಾತ್ರಿ ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ ಅಂತ ಅಜ್ಜಿ ಹೇಳ್ತಿದ್ದಳು."

ಎದ್ದು ಹೋಗಿ ಹುಡುಗರಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. ಇಬ್ಬರು ತಕ್ಷಣ ಕೆಳಗಿಳಿದರು. ಒಬ್ಬ ಚಪ್ಪಲಿಯನ್ನೂ ಬಿಟ್ಟ. ಉಳಿದಿಬ್ಬರು ಬೈದುಕೊಂಡೇ ಹೊರಟರು.

ವಾಪಸ್ ಬಂದಾಗ ನನ್ನ ಮಗಳು ಮುಷ್ಟಿ ಬಿಚ್ಚಿ ತೋರಿಸಿದಳು. ನೆನಪಿಗೆ ಇರಲಿ ಅಂತ ಗೋಡೆಯ ಬುಡದಿಂದ ಒಂದು ಹವಳದ ಚೂರು ಎತ್ತಿಕೊಂಡಿದ್ದಳಂತೆ. "ಇಟ್ಟು ಬರಲಾ ಅಪ್ಪಾ?" ಅಂದಳು. ಹೊರಗಿನ ಮರಳಲ್ಲಿ ಇಡಲು ಬಗ್ಗಿದಳು. ಆ ಹೆಂಗಸು ಬೇಡ ಅಂತ ಕೈಯಾಡಿಸಿ, ಚರ್ಚಿನ ಒಳಗೆ ತೋರಿಸಿದರು.