ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ಸಾಕಾ?

ತೀರ್ಥಹಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಲಗ್ನಪತ್ರಿಕೆ, ಅರ್ಜಿ ಟೈಪಿಂಗ್. ಕಂಪ್ಯೂಟರ್ ರಿಪೇರಿ ಅಂತ ಬೋರ್ಡಿನಲ್ಲಿ ಬರೆಸಿಲ್ಲ. ಆದರೂ ಬಂದವರು ಚಿಲ್ಲರೆ ಎಣಿಸಿಕೊಳ್ಳುತ್ತಾ ಕೇಳುತ್ತಾರೆ: "ಮನೆ ಕಂಪ್ಯೂಟರ್ ಆನ್ ಆಗೋಕೆ ಐದು ನಿಮಿಷ ತಗೊಳ್ತದೆ. ಹೊಸದು ತಗೊಳ್ಳೋದಾ, ಇಲ್ಲಾ ಅದೆಂಥದೋ ಎಸ್‌ಎಸ್‌ಡಿ ಅಂತಾರಲ್ಲ, ಅದನ್ನ ಹಾಕಿಸಿದ್ರೆ ಸಾಕಾ?"

ಹಾಕಿಸಿ. ಎಸ್‌ಎಸ್‌ಡಿ ಅಂದರೆ ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಹಳೇ ಹಾರ್ಡ್‌ಡಿಸ್ಕಿನ ಜಾಗಕ್ಕೆ ಹಾಕುವ ವೇಗದ ಡಿಸ್ಕ್. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಹಳೇ ಡಿಸ್ಕಿನಲ್ಲಿ ಇರುವುದನ್ನೆಲ್ಲ ಮೊದಲು ಇನ್ನೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಸ್ಕ್ರೂಡ್ರೈವರ್ ಆಮೇಲೆ.

ಆರಗದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. 2014ರಲ್ಲಿ ತಂಗಿಯ ಓದಿಗೆ ಅಂತ ಒಂದು ಡೆಸ್ಕ್‌ಟಾಪ್ ತೆಗೆದಿದ್ದರು. ಅವಳು ಓದು ಮುಗಿಸಿ ಬೆಂಗಳೂರಿಗೆ ಹೋದಳು, ಕಂಪ್ಯೂಟರ್ ಇಲ್ಲೇ ಉಳಿಯಿತು. ಚಿಕ್ಕಪ್ಪ ಅದರಲ್ಲಿ ತೋಟದ ಆಳಿನ ಲೆಕ್ಕ ಇಡುತ್ತಾರೆ, ದೇವಸ್ಥಾನದ ಸಮಿತಿಯ ಕಾಗದ ಪತ್ರವನ್ನು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಕಳೆದ ವರ್ಷ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಹೋದಾಗ ಬೇಜಾರಿನಲ್ಲಿದ್ದರು. "ಸ್ವಿಚ್ ಹಾಕಿ, ಕಾಫಿ ಕುಡಿದು, ದನಕ್ಕೆ ಹುಲ್ಲು ಹಾಕಿ ಬಂದ್ರೂ ಇದು ಇನ್ನೂ ತಿರುಗ್ತಾ ಇರ್ತದೆ ಮಾರಾಯಾ. ಎಸೆದು ಹೊಸದು ತಗೊಂಬಿಡ್ಲಾ?"

ನಾನು ಫೋನಿನಲ್ಲಿ ಟೈಮ್ ಹಿಡಿದೆ. ಸ್ವಿಚ್ ಒತ್ತಿದಲ್ಲಿಂದ ನುಡಿ ತೆರೆಯುವವರೆಗೆ 4 ನಿಮಿಷ 20 ಸೆಕೆಂಡ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಹತ್ತು ಶೇಕಡಾ ಕೂಡ ಕೆಲಸ ಮಾಡುತ್ತಿರಲಿಲ್ಲ. ಡಿಸ್ಕ್ ಮಾತ್ರ ನೂರಕ್ಕೆ ನೂರು. ನಿಮ್ಮ ಮನೆಯಲ್ಲೂ ಇದನ್ನೊಮ್ಮೆ ನೋಡಿ. ಡಿಸ್ಕ್ ಸಾಲು ನೂರರಲ್ಲೇ ನಿಂತು ಉಳಿದದ್ದೆಲ್ಲ ತಣ್ಣಗಿದ್ದರೆ, ಉಳಿದ ಕಂಪ್ಯೂಟರ್ ಪೂರ್ತಿ ಡಿಸ್ಕಿಗಾಗಿ ಕಾಯುತ್ತಾ ಕೂತಿದೆ ಅಂತ ಅರ್ಥ.

ಅದು ಯಾಕೆ ಹಾಗೆ ಅಂತ ಚಿಕ್ಕಪ್ಪನಿಗೂ ಹೇಳಿದೆ. ಹಳೇ ಹಾರ್ಡ್‌ಡಿಸ್ಕ್ ಒಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆ ಇರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ 5400. ತಟ್ಟೆಯ ಮೇಲೆ ಒಂದು ಪುಟ್ಟ ತೋಳು ಆಚೀಚೆ ಓಡಾಡಿ ಓದುತ್ತದೆ. 7200 ಸುತ್ತು ಅಂದರೆ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್. ತೋಳು ಸರಿಯಾದ ಜಾಗಕ್ಕೆ ಹೋಗಬೇಕು, ಬೇಕಾದ ತುಣುಕು ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಚೆದುರಿ ಬಿದ್ದಿರುವ ಸಣ್ಣ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ತುಣುಕು ತರುವುದರಲ್ಲೇ ಅದು ಸುಸ್ತು. ವಿಂಡೋಸ್ ಶುರುವಾಗುವಾಗ ಕೇಳುವುದು ಅಂಥ ಸಾವಿರಾರು ತುಣುಕು! ಅಟ್ಟಕ್ಕೆ ಏಣಿ ಹಾಕಿ, ಒಂದು ತೆಂಗಿನಕಾಯಿ ತಂದು ಕೆಳಗಿಟ್ಟು, ಮತ್ತೆ ಹತ್ತಿ ಇನ್ನೊಂದು ತಂದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಯಾವುದೂ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲೇ. ಸೆಕೆಂಡಿಗೆ ಹತ್ತಾರು ಸಾವಿರ ತುಣುಕು ಕೊಡುತ್ತದೆ. ನಾವು ದಿನಾ ಬಳಸುವ ಪೆನ್‌ಡ್ರೈವ್, ಮೊಬೈಲಿನ ಮೆಮೊರಿ ಇದೇ ಜಾತಿಯವು. ತೋಶಿಬಾದಲ್ಲಿದ್ದ ಜಪಾನಿನ ಫುಜಿಯೋ ಮಸುವೋಕಾ ಎಂಬ ಎಂಜಿನಿಯರ್ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿಯೇ ಇವಕ್ಕೆಲ್ಲ ಮೂಲ.

ಇನ್ನು ಕಾಪಿ ವಿಷಯ. ಇದನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸುಮಾರು ವರ್ಷಗಳ ಹಿಂದೆ ನಮ್ಮ ಮನೆಯ ಕಂಪ್ಯೂಟರ್ ಒಳಗಿಂದ ಟಕ್, ಟಕ್ ಅಂತ ಸದ್ದು ಬರುತ್ತಿತ್ತು. ಎರಡು ವಾರ ಸುಮ್ನೆ ಬಿಟ್ಟೆ. ಒಂದು ದಿನ ಆನ್ ಆಗಲಿಲ್ಲ. ಅಮ್ಮನ ಅರವತ್ತರ ಶಾಂತಿಯ ಫೋಟೋ ಅಷ್ಟೂ ಅದರಲ್ಲಿತ್ತು. ಅಜ್ಜಿ ಕೊನೇ ಸಲ ಎಲ್ಲರ ಜೊತೆ ಕೂತು ತೆಗೆಸಿಕೊಂಡ ಫೋಟೋ ಅದು. ಒಂದೂ ಸಿಗಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಆದರೆ ಇವತ್ತಿಗೂ ಯಾರ ಮನೆಯಲ್ಲಾದರೂ ಆ ಟಕ್ ಟಕ್ ಕೇಳಿದರೆ ಎದ್ದು ಹೋಗಿ ಆಫ್ ಮಾಡುತ್ತೇನೆ.

ಹಾಗಾಗಿ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಇದ್ದರೆ ಒಳ್ಳೇದು. ಹಳದಿ ಬಂದರೆ ಬೇರೆ ಯಾವ ಪ್ರಯೋಗಕ್ಕೂ ಹೋಗಬೇಡಿ, ಫೋಟೋ ಮತ್ತು ಮುಖ್ಯ ಕಾಗದಗಳನ್ನು ಮೊದಲು ಈಚೆ ತೆಗೆಯಿರಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಲೆಕ್ಕದ ತಂತ್ರಾಂಶ ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್, ಇವೆಲ್ಲ ಹೆಚ್ಚಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. "ನಮ್ಮದೆಲ್ಲ ಡಿ ಡ್ರೈವ್‌ನಲ್ಲಿದೆ" ಅನ್ನುವವರೂ ಒಮ್ಮೆ ತೆರೆದು ನೋಡಿ. ಕನ್ನಡದವರು ಮರೆಯುವ ಇನ್ನೊಂದು ಇದೆ: ನುಡಿಯ ಹಳೇ ಫಾಂಟುಗಳು. ಯುನಿಕೋಡ್‌ನಲ್ಲಿ (ಈಗ ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಕನ್ನಡ ಕಾಣಿಸುವ ಪದ್ಧತಿ) ಅಲ್ಲದೆ ಅವುಗಳಲ್ಲಿ ಟೈಪ್ ಮಾಡಿದ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಚಿಕ್ಕಪ್ಪನ ಸಮಿತಿಯ ಹತ್ತು ವರ್ಷದ ನಡಾವಳಿ ಪೂರ್ತಿ ಅಂಥದ್ದು. ಆ ಫಾಂಟುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡೆ.

ಮರುದಿನ ಸಿಪಿಯು ಡಬ್ಬ ಜಗಲಿಗೆ ತಂದು ಬಿಚ್ಚಿದೆವು. ಒಳಗೆ ಅಡಿಕೆ ಸುಲಿಯುವಾಗಿನ ಧೂಳು ಹತ್ತಿಯ ಹಾಗೆ ಪದರ ಕಟ್ಟಿತ್ತು. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಬಣ್ಣದ ಬ್ರಷ್ ತಗೊಂಡು ಮೆತ್ತಗೆ ಗುಡಿಸಿದೆ. ಹಾರ್ಡ್‌ಡಿಸ್ಕ್‌ಗೆ ನಾಲ್ಕು ಸ್ಕ್ರೂ, ಎರಡು ವೈರು. ಚಪ್ಪಟೆಯಾದ ಸಣ್ಣದು ಡೇಟಾ ಕೇಬಲ್, ಅಗಲದ್ದು ಕರೆಂಟಿನದು. ಎರಡರ ಬಾಯಲ್ಲೂ ಒಂದು ತುದಿ ಮಡಚಿದ ಹಾಗಿರುತ್ತದೆ, ಅದರಿಂದ ತಿರುಗುಮುರುಗಾಗಿ ಹಾಕಲು ಆಗುವುದಿಲ್ಲ. ಹೊಸ ಎಸ್‌ಎಸ್‌ಡಿಗೂ ಅವೇ ಎರಡು ವೈರು. ಅಂಗೈಯಲ್ಲಿಟ್ಟರೆ ಚಿಕ್ಕಪ್ಪನಿಗೆ ನಂಬಿಕೆ ಬರಲಿಲ್ಲ. "ಇಷ್ಟೇನಾ? ಒಳಗೆ ಎಂಥದಾದ್ರೂ ಇದ್ಯಾ?"

ಯಾವ ಜಾತಿಯದು ತಗೊಳ್ಳಬೇಕು ಅನ್ನುವಲ್ಲಿ ತುಂಬ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಹತ್ತು ವರ್ಷದ ಕಂಪ್ಯೂಟರ್ ಆದರೆ ನಿಮಗೆ ಬೇಕಾದದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕಿನ ಆ ಎರಡು ವೈರಿಗೇ ಸೇರುವಂಥದ್ದು. ಸೆಕೆಂಡಿಗೆ 550 ಎಂಬಿ ವರೆಗೆ ಓದುತ್ತದೆ. ಮದರ್‌ಬೋರ್ಡಿನಲ್ಲಿ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡು) ಹಳೇ ಸಾಟಾ 2 ಇದ್ದರೆ ಅದರ ಅರ್ಧ. ಆದರೂ ಚಿಂತೆ ಇಲ್ಲ, ಸಣ್ಣ ಫೈಲುಗಳಲ್ಲಿ ಸಿಗುವ ಲಾಭ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎನ್‌ವಿಎಂಇ ಅನ್ನುವ ಜಾತಿಯ ಎಸ್‌ಎಸ್‌ಡಿ ಇನ್ನೂ ಎಷ್ಟೋ ಪಟ್ಟು ವೇಗದ್ದು ನಿಜ, ಆದರೆ ಅದಕ್ಕೆ ಬೋರ್ಡಿನಲ್ಲಿ ಎಂ.2 ಅನ್ನುವ ಜಾಗ ಬೇಕು. ಎಂ.2 ಜಾಗ ಇದ್ದರೂ ಕೆಲವು ಬೋರ್ಡುಗಳು ಅಲ್ಲಿ ಸಾಟಾ ಮಾತ್ರ ಒಪ್ಪುತ್ತವೆ. ಕಾಲೇಜು ಹುಡುಗನೊಬ್ಬ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಆನ್‌ಲೈನಿನಲ್ಲಿ ಎನ್‌ವಿಎಂಇ ತರಿಸಿ, ಆಸೆಯಿಂದ ನನ್ನ ಅಂಗಡಿಗೆ ತಂದಿದ್ದ. ಅವನ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ತರಿಸುವ ಮೊದಲು ಬೋರ್ಡಿನ ಮಾಡೆಲ್ ನಂಬರ್ ಹಾಕಿ ಹುಡುಕಿ ನೋಡಿ, ಇಲ್ಲಾ ಶಿವಮೊಗ್ಗಕ್ಕೆ ಹೋದಾಗ ಕಂಪ್ಯೂಟರನ್ನೇ ಅಂಗಡಿಗೆ ಒಯ್ಯಿರಿ. ಮನೆ ಬಳಕೆಗೆ 500 ಜಿಬಿ ಹಿತ. ವಿಂಡೋಸ್‌ನಲ್ಲಿ ಅದು 465 ಅಂತ ಕಾಣುತ್ತದೆ, ಎಣಿಸುವ ರೀತಿ ಬೇರೆ ಅಷ್ಟೇ, ಮೋಸ ಅಲ್ಲ. ಚಿಲ್ಲರೆ ದುಡ್ಡಿಗೆ 16 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಕೊಡುತ್ತೇವೆ ಅನ್ನುವ ಜಾಹೀರಾತು ಮಾತ್ರ ಪೂರಾ ಮೋಸ.

ವಿಂಡೋಸ್ ಹೊಸದಾಗಿ ಹಾಕುವುದೇ ನನಗೆ ಇಷ್ಟ. ಹತ್ತು ವರ್ಷದ ಕಸ ಹಾಗೇ ಹೊಸ ಮನೆಗೆ ಯಾಕೆ ಸಾಗಿಸಬೇಕು, ಅಲ್ವಾ? ಇದ್ದದ್ದು ಇದ್ದ ಹಾಗೇ ಬೇಕು ಅನ್ನುವವರಿಗೆ ಹಳೇ ಡಿಸ್ಕನ್ನು ಪೂರ್ತಿ ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶ ಇದೆ, ಉಚಿತ. ಆದರೆ ಹೊಸ ಡಿಸ್ಕ್ ಹಳೇದರಷ್ಟಾದರೂ ದೊಡ್ಡದಿರಬೇಕು, ಇಲ್ಲದಿದ್ದರೆ ಕೆಲಸ ಜಾಸ್ತಿ. ಹೊಸದಾಗಿ ಹಾಕುವ ಮೊದಲು ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ, ಡಿಸ್ಕ್ ಕೆಲಸ ಮಾಡುವ ರೀತಿಯನ್ನು ಹೇಳುವ ಸಾಟಾ ಮೋಡ್ ಎಎಚ್‌ಸಿಐ ಇದೆಯಾ ಅಂತ ನೋಡಿಕೊಳ್ಳಿ. 4 ಜಿಬಿ ರ‍್ಯಾಮ್ ಇದ್ದರೆ ಅದೇ ದಿನ 8 ಮಾಡಿಸಿ.

ಎಸ್‌ಎಸ್‌ಡಿ ಸಾಕಾಗದ ಕಡೆಯೂ ಇದೆ, ಅದನ್ನೂ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ (ಭದ್ರತೆಯ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್‌ನಿಂದ ಈಚೆಯದಾಗಬೇಕು. ಆನ್‌ಲೈನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಹಗುರಾಗಿ ತಗೊಳ್ಳಬೇಡಿ. ಚಿಕ್ಕಪ್ಪನ ಕಂಪ್ಯೂಟರಿಗೆ ವಿಂಡೋಸ್ ಜೊತೆ, ಅದರ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಕೂಡ ಹಾಕಿಕೊಟ್ಟೆ. ಅದರಲ್ಲೂ ನುಡಿಯಲ್ಲಿರುವ ಕೆಜಿಪಿ (ಕಗಪ) ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡಬಹುದು. ಇಂಟರ್ನೆಟ್ ಕೆಲಸ ಅದರಲ್ಲಿ, ನುಡಿ ಮತ್ತು ಲೆಕ್ಕ ನೆಟ್ ಇಲ್ಲದ ವಿಂಡೋಸ್‌ನಲ್ಲಿ.

"ಬರೆದೂ ಬರೆದೂ ಸವೆದು ಹೋಗ್ತದಂತಲ್ಲ?" ಅಂತ ಕೇಳುವವರಿದ್ದಾರೆ. ಸವೆಯುವುದು ಹೌದು. 500 ಜಿಬಿಯದಕ್ಕೆ ಕಂಪನಿ 200 ಟಿಬಿ ಬರೆಯಲು ಗ್ಯಾರಂಟಿ ಕೊಟ್ಟಿದೆ ಅಂತಿಟ್ಟುಕೊಳ್ಳಿ. ದಿನಕ್ಕೆ 20 ಜಿಬಿ ಬರೆದರೂ 27 ವರ್ಷ ಬೇಕು. ನನ್ನ ಹೆದರಿಕೆ ಬೇರೆ. ಹಾರ್ಡ್‌ಡಿಸ್ಕ್ ಎಷ್ಟೋ ಸಲ ಟಕ್ ಟಕ್ ಅಂತ ಎಚ್ಚರಿಸಿ ಸಾಯುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಇಲ್ಲ, ಒಳಗಿದ್ದದ್ದನ್ನು ಈಚೆ ತೆಗೆಯುವುದೂ ಕಷ್ಟ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸಿಡಿಲು, ಮಳೆಗಾಲದಲ್ಲಿ ಗಂಟೆಗೊಮ್ಮೆ ಕರೆಂಟ್ ಹೋಗಿ ಬರುವುದು. ಯುಪಿಎಸ್ ಇಲ್ಲದೆ ಎಸ್‌ಎಸ್‌ಡಿ ಹಾಕಿಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕಿತ್ತಿಡಿ.

ಅವತ್ತು ಎಲ್ಲ ಜೋಡಿಸಿ ಮತ್ತೆ ಟೈಮ್ ಹಿಡಿದೆ. ನುಡಿ ತೆರೆಯುವವರೆಗೆ 28 ಸೆಕೆಂಡ್. ಚಿಕ್ಕಪ್ಪ ಆಫ್ ಮಾಡಿಸಿ ಇನ್ನೊಮ್ಮೆ ಹಾಕಿ ನೋಡಿದರು, ಚಿಕ್ಕಮ್ಮನನ್ನು ಕರೆದು ಮೂರನೇ ಸಲ. ಹಳೇ ಹಾರ್ಡ್‌ಡಿಸ್ಕ್ ಅಳಿಸಲಿಲ್ಲ. ಒಂದು ಗಾಳಿಯಾಡದ ಡಬ್ಬಿಯಲ್ಲಿ, ಬೂಷ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಮೇಲೆ ತಾರೀಖು ಬರೆದು ಬೀರುವಿಗೆ ಸೇರಿಸಿದ್ದೇವೆ. ಹಬ್ಬಕ್ಕೆ ಹೋದಾಗ ತೆಗೆದು ಜೋಡಿಸಿ, ತಂಗಿಯ ಫೋಟೋಗಳು ತೆರೆಯುತ್ತವಾ ಅಂತ ನೋಡಬೇಕು.