ಕೆಸರು ತೊಳೆದ ಮೇಲೆ ಕಂಡ ಗೀರು

ಇಂಗ್ಲೆಂಡಿನಲ್ಲಿ ಕಾರು ತೊಳೆಸಲು ಎರಡು ದಾರಿ. ಪೆಟ್ರೋಲ್ ಬಂಕಿನ ಪಕ್ಕದ ಮೆಷಿನ್ ಒಂದು, ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಮೂಲೆಯಲ್ಲಿ ನಾಲ್ಕೈದು ಜನ ನಿಂತು ಕೈಯಲ್ಲಿ ತೊಳೆದುಕೊಡುವ ಜಾಗ ಇನ್ನೊಂದು. ಮೆಷಿನ್ನಿಗಾದರೆ ಕೌಂಟರಿನಲ್ಲಿ ದುಡ್ಡು ಕೊಟ್ಟು, ಚೀಟಿಯಲ್ಲಿ ಬಂದ ನಂಬರ್ ಒತ್ತಿ, ಗುರುತು ಹಾಕಿದಲ್ಲಿವರೆಗೆ ಗಾಡಿ ತಂದು, ಎಂಜಿನ್ ಆರಿಸಿ ಒಳಗೇ ಕೂರಬೇಕು. ಆಳೆತ್ತರದ ಬ್ರಷ್ಷುಗಳು ತಿರುಗುತ್ತ ಮುಂದಿನಿಂದ ಹಿಂದಕ್ಕೆ ಹೋಗಿ ಬರುತ್ತವೆ. ಕನ್ನಡಿ ಮಡಚಿ, ಏರಿಯಲ್ ಬಿಚ್ಚಿ, ವೈಪರ್ ಆಫ್ ಮಾಡಿ ಎಂದು ಬೋರ್ಡು ಹಾಕಿರುತ್ತಾರೆ. ಕೆಳಗೆ ಇನ್ನೊಂದು ಸಾಲು: ಗಾಡಿಗೆ ಏನಾದರೂ ಆದರೆ ನಾವು ಹೊಣೆಯಲ್ಲ.

ಚಳಿಗಾಲದಲ್ಲಿ ಇಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಉಪ್ಪು ಎರಚುತ್ತಾರೆ. ಅದನ್ನು ತೊಳೆಯದೆ ಬಿಟ್ಟರೆ ಗಾಡಿಯ ತಳ ತುಕ್ಕು ಹಿಡಿಯುತ್ತದೆ. ಹಾಗೆ ತೊಳೆಸಲು ಹೋದ ದಿನ ಬ್ರಷ್ಷು ನನ್ನ ಕಾರಿನ ಹಿಂದಿನ ವೈಪರನ್ನು ಬುಡಸಮೇತ ಮುರಿದು ಹಾಕಿತು. ಗಾಜಿನ ಮೇಲೆ ಉದ್ದಕ್ಕೂ ಗೀರು. ಗಾಡಿಯನ್ನು ಅಲ್ಲಿಂದ ಅಲುಗಿಸದೆ ಫೋಟೋ ತೆಗೆದೆ: ಮುರಿದ ತುಂಡು, ಬ್ರಷ್ಷು, ಬೋರ್ಡು, ಟೈಮ್ ಇರುವ ರಸೀದಿ. ಕೌಂಟರಿನ ಹುಡುಗಿ ಪಾಪ, ಅಪಘಾತದ ಪುಸ್ತಕದಲ್ಲಿ ಬರೆದುಕೊಂಡು, ಹೆಡ್ ಆಫೀಸಿನ ವಿಳಾಸ ಕೊಟ್ಟಳು. ಅವಳ ಕೈಯಲ್ಲಿದ್ದದ್ದು ಅಷ್ಟೇ.

ಹೆಡ್ ಆಫೀಸಿನಿಂದ ಬಂದ ಉತ್ತರದಲ್ಲಿ ಎರಡು ಮಾತಿತ್ತು. ಬೋರ್ಡು ಓದಿಯೇ ಒಳಗೆ ಬಂದಿದ್ದೀರಿ, ನಿಮ್ಮ ವೈಪರ್ ಮೊದಲೇ ಸಡಿಲ ಇದ್ದಿರಬಹುದು. ಎರಡನ್ನೂ ನಾನು ಒಪ್ಪಲಿಲ್ಲ. ಇಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದುಡ್ಡು ತೆಗೆದುಕೊಂಡು ಕೆಲಸ ಮಾಡಿಕೊಡುವವರು ತಕ್ಕ ಎಚ್ಚರದಿಂದ ಮಾಡಬೇಕು. ಆ ಹೊಣೆಯನ್ನು ಬೋರ್ಡು ಬರೆದು ಕಳಚಿಕೊಳ್ಳಲು ಬರುವುದಿಲ್ಲ. ಇನ್ನು ವೈಪರ್ ಸಡಿಲ ಇತ್ತೋ ಇಲ್ಲವೋ ಎನ್ನುವುದಕ್ಕೆ ಅವರದೇ ಕ್ಯಾಮೆರಾ ಇದೆ. ನಾನು ಕಾಣಿಸಿಕೊಂಡ ದೃಶ್ಯ ಕೊಡಿ ಅಂತ ಲಿಖಿತವಾಗಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕೆಂದು ಡೇಟಾ ಕಾನೂನು ಹೇಳುತ್ತದೆ. ಮೆಷಿನ್ನಿನ ರಿಪೇರಿ ದಾಖಲೆಯನ್ನೂ ಕೇಳಿದೆ. ಕೊನೆಯಲ್ಲಿ, 14 ದಿನದೊಳಗೆ ಇತ್ಯರ್ಥವಾಗದಿದ್ದರೆ ಸಣ್ಣ ದಾವೆಗಳ ಕೋರ್ಟಿಗೆ ಹೋಗುತ್ತೇನೆ ಎಂದು ಬರೆದೆ. 10,000 ಪೌಂಡಿನವರೆಗಿನ ತಕರಾರಿಗೆ ಅಲ್ಲಿ ವಕೀಲರನ್ನು ಇಡಬೇಕಿಲ್ಲ. ಗಡುವು ಮುಗಿಯುವ ಮೊದಲೇ ದುಡ್ಡು ಬಂತು. ತಪ್ಪು ನಮ್ಮದೆಂದು ಒಪ್ಪುತ್ತಿಲ್ಲ, ಸದ್ಭಾವನೆಯಿಂದ ಕೊಡುತ್ತಿದ್ದೇವೆ ಎಂಬ ಸಾಲಿನ ಜೊತೆಗೆ.

ಶಿವಮೊಗ್ಗಕ್ಕೆ ಫೋನ್ ಮಾಡಿ ಇದನ್ನು ಹೇಳಿದಾಗ ತಮ್ಮನಿಗೆ ಖುಷಿಯೇನೂ ಆಗಲಿಲ್ಲ. ಚಿಕ್ಕಪ್ಪನ ಮಗ ಅವನು, ಸಾಗರ ರಸ್ತೆ ಕಡೆ ವಾಟರ್ ಸರ್ವಿಸ್ ಇಟ್ಟುಕೊಂಡಿದ್ದಾನೆ. "ಅಣ್ಣಾ, ನಿಂಗೆ ಗಿರಾಕಿ ಕಷ್ಟ ಮಾತ್ರ ಕಾಣುತ್ತೆ. ಮಳೆಗಾಲದಲ್ಲಿ ಬಂದು ನಮ್ಮ ಶೆಡ್ಡಲ್ಲಿ ಒಂದಿನ ನಿಂತು ನೋಡು" ಅಂದ. ಜುಲೈನಲ್ಲಿ ಊರಿಗೆ ಹೋದಾಗ ನಿಂತು ನೋಡಿದೆ.

ಆ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದ ಬರುವ ಗಾಡಿಗಳ ಬಣ್ಣವೇ ಗೊತ್ತಾಗುವುದಿಲ್ಲ. ತೋಟದ ದಾರಿಯ ಕೆಂಪು ಕೆಸರು ಬಾಗಿಲಿನ ಅರ್ಧದವರೆಗೆ ಮೆತ್ತಿಕೊಂಡಿರುತ್ತದೆ. ಚಕ್ರದ ಮೇಲ್ಗಡೆಯ ಗೂಡಿನಲ್ಲಿ ಒಣಗಿ ಗಟ್ಟಿಯಾದದ್ದು ಕೈಯಲ್ಲಿ ಒತ್ತಿದರೂ ಬಿಡುವುದಿಲ್ಲ. ಮೋಟಾರ್ ಜೋರು ಮಾಡಿ ನೀರಿನ ಗನ್ ಹಿಡಿದರೆ ಮಾತ್ರ ಹೆಂಟೆ ಹೆಂಟೆಯಾಗಿ ಉದುರುತ್ತದೆ. ತೊಳೆಯುವ ಹುಡುಗನ ಮೊಣಕಾಲಿನ ಕೆಳಗೆ ಎಲ್ಲವೂ ಕೆಂಪು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೈಸ್ಕೂಲು ಮೇಷ್ಟ್ರು ತಮ್ಮ ಕಾರು ಬಿಟ್ಟು ಎದುರಿನ ಹೋಟೆಲಿಗೆ ಕಾಫಿಗೆ ಹೋದರು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ವರ್ಷವೂ ಆಗಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಎಡಗಡೆ ಹಿಂದಿನ ಬಾಗಿಲಿನ ಕೆಳಅಂಚಿನಲ್ಲಿ ಅಂಗೈ ಅಗಲ ಬಣ್ಣ, ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಹಾಗೆ ಎದ್ದುಬಂದಿತ್ತು.

"ಏನಪ್ಪಾ ಇದು? ನಾನು ಬಿಟ್ಟು ಹೋಗೋವಾಗ ಹೀಗಿತ್ತಾ?"

"ಮೇಷ್ಟ್ರೇ, ಒಂದ್ನಿಮಿಷ ಇರಿ, ನೋಡೋಣ" ಎಂದ ತಮ್ಮ. ಗನ್ ಹಿಡಿದಿದ್ದ ಹುಡುಗ ಯಾರೂ ಕೇಳುವ ಮೊದಲೇ, "ನಾನೇನೂ ಮಾಡಿಲ್ಲ ಅಣ್ಣಾ, ಕೆಸರು ಬಿಡ್ಲಿಲ್ಲ ಅಂತ ಸ್ವಲ್ಪ ಹತ್ರ ಹಿಡಿದೆ ಅಷ್ಟೇ" ಅಂದ.

ದನಿಗಳು ಏರಿದವು. ಪಕ್ಕದ ಪಂಕ್ಚರ್ ಅಂಗಡಿಯವರು ಬಂದರು, ಸರದಿಯಲ್ಲಿದ್ದ ಬೊಲೆರೊದವರು ಇಳಿದು ಬಂದರು, ಎಲ್ಲರಿಗೂ ಒಂದೊಂದು ಅಭಿಪ್ರಾಯ. ತಮ್ಮ ಮಾಡಿದ ಬುದ್ಧಿವಂತಿಕೆಯ ಕೆಲಸವೆಂದರೆ ಆಟೋ ಕಾಂಪ್ಲೆಕ್ಸಿನ ಒಬ್ಬ ಹಿರಿಯ ಟಿಂಕರನ್ನು ಕರೆಸಿದ್ದು. ಅವರು ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಮುಂದಿನ ಬಾಗಿಲಿಗೆ ಇಟ್ಟರು, ಟಪ್ಪೆಂದು ಕಚ್ಚಿತು. ಹಿಂದಿನ ಬಾಗಿಲಿನ ಕೆಳಭಾಗಕ್ಕೆ ಇಟ್ಟರು, ಜಾರಿ ಕೆಳಗೆ ಬಿತ್ತು. ಬಣ್ಣದಡಿ ತಗಡಿಗಿಂತ ಮೊದಲು ದಪ್ಪ ಪುಟ್ಟಿ ಇತ್ತು. ಎದ್ದ ಚೂರನ್ನು ತಿರುಗಿಸಿ ತೋರಿಸಿದರು: ಹಿಂಬದಿಯಲ್ಲಿ ಕೆನೆಬಣ್ಣದ ಪುಡಿ, ಅದರಾಚೆ ತುಕ್ಕಿನ ಕಲೆ. ಕಂಪನಿ ಪೇಂಟ್ ನೀರಿಗೆ ಹೀಗೆ ಏಳುವುದು ಅಪರೂಪ. ಡಿಕ್ಕಿಯಾಗಿ ನೆಗ್ಗಿದ ಬಾಗಿಲನ್ನು ಸರಿಯಾಗಿ ಉಜ್ಜದೆ, ತುಕ್ಕು ತೆಗೆಯದೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಂಚಿನಿಂದ ನೀರು ನುಗ್ಗಿ ಎತ್ತಿಬಿಡುತ್ತದೆ. ಒಂದು ಗೀರೂ ಇಲ್ಲದ ಗಾಡಿ ಅಂತ ಹೇಳಿಯೇ ಮೇಷ್ಟ್ರಿಗೆ ಅದನ್ನು ಮಾರಿದ್ದರಂತೆ.

ಅಲ್ಲಿಗೆ ತಮ್ಮ ಗೆದ್ದ ಅಂತ ಸುತ್ತ ನಿಂತವರು ಅಂದುಕೊಂಡರು. ಮೇಷ್ಟ್ರು ಮಾತ್ರ ಬಿಡಲಿಲ್ಲ. "ಪುಟ್ಟಿ ಇರಬಹುದು. ಆದ್ರೆ ನಾನು ಕೀ ಕೊಟ್ಟಾಗ ಬಣ್ಣ ಇತ್ತಲ್ಲ?" ಅಂದರು. ಆ ಮಾತು ನ್ಯಾಯವಾದದ್ದೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಟಿಂಕರ್ ಗನ್ನಿನ ನಳಿಕೆ ನೋಡಿದರು. ನೀರು ಹರಡಿಕೊಂಡು ಬೀಳುವ ನಳಿಕೆಯ ಬದಲು ಸೂಜಿಯ ಧಾರೆ ಬಿಡುವ ಸೊನ್ನೆ ಡಿಗ್ರಿಯದು ಹಾಕಿತ್ತು. ಅದು ಚಕ್ರದ ಗೂಡಿಗೆ, ಟ್ರಾಕ್ಟರ್ ತಳಕ್ಕೆ ಸರಿ. ಬಣ್ಣದ ಮೇಲೆ ಹತ್ತಿರದಿಂದ ಹಿಡಿಯುವಂಥದ್ದಲ್ಲ. 25 ಅಥವಾ 40 ಡಿಗ್ರಿ ಹರಡುವ ನಳಿಕೆಯನ್ನು ಒಂದು ಅಡಿಯಾದರೂ ದೂರ ಹಿಡಿಯಬೇಕು. "ಪುಟ್ಟಿ ಹಳೇದೇ. ಆದ್ರೆ ಈ ಧಾರೆ ಬೀಳದಿದ್ರೆ ಇನ್ನೆರಡು ಮಳೆಗಾಲ ತಡೀತಿತ್ತು" ಎಂದರು ಅವರು. ಕೊನೆಗೆ ಟಿಂಕರ್ ಕೂಲಿ ಶೆಡ್ಡಿನದು, ಪುಟ್ಟಿ ಪೇಂಟಿನ ಖರ್ಚು ಮೇಷ್ಟ್ರದು ಎಂದಾಯಿತು.

ಶೆಡ್ಡಿನ ಗೋಡೆಯಲ್ಲೂ ಬೋರ್ಡು ಇದೆ, "ವಾಹನಕ್ಕೆ ಮಾಲೀಕರೇ ಜವಾಬ್ದಾರರು" ಎಂದು. ಜಗಳದ ನಡುವೆ ತಮ್ಮ ಒಮ್ಮೆ ಅದರ ಕಡೆ ಕೈ ತೋರಿಸಿದ್ದ. ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೇಳಿದೆ: ನಮ್ಮಲ್ಲೂ ಆ ಬೋರ್ಡಿಗೆ ನೀನು ಅಂದುಕೊಂಡಷ್ಟು ಬಲ ಇಲ್ಲ. 1872ರ ಕರಾರು ಕಾಯ್ದೆಯ 151ನೇ ಕಲಮಿನಂತೆ, ಬೇರೆಯವರ ವಸ್ತುವನ್ನು ಒಪ್ಪಿಸಿಕೊಂಡವರು ವಿವೇಕವಿರುವವರು ಅಂಥದ್ದೇ ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಕೀ ಕೊಟ್ಟಿದ್ದ ಮಾರುತಿ ಝೆನ್ ಕಳುವಾಯಿತು. ಟೋಕನ್ನಿನ ಮೇಲೆ ಮಾಲೀಕರದೇ ಜವಾಬ್ದಾರಿ ಎಂದು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಆ ಸಾಲು ತೋರಿಸಿ ಸ್ವಂತ ನಿರ್ಲಕ್ಷ್ಯದಿಂದ ತಪ್ಪಿಸಿಕೊಳ್ಳಲಾಗದು, ನಿರ್ಲಕ್ಷ್ಯ ಆಗಿಲ್ಲವೆಂದು ತೋರಿಸಬೇಕಾದದ್ದು ಗಾಡಿ ಒಪ್ಪಿಸಿಕೊಂಡವರೇ ಎಂದಿತು. ಕೀ ಕೈ ಬದಲಾಯಿಸಿತೇ ಎನ್ನುವುದೇ ಅಲ್ಲಿ ಮುಖ್ಯ.

ಗಿರಾಕಿಗಳಿಗೂ ಇದು ಗೊತ್ತಿರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಇಷ್ಟು ಸಣ್ಣ ಮೊತ್ತದ ಸೇವೆಯ ದೂರಿಗೆ ಶುಲ್ಕವಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತಂದದ್ದು ಆ ಹುಡುಗ. ಟಿಂಕರ್ ಕೂಲಿಯನ್ನು ಅವನ ಸಂಬಳದಲ್ಲಿ ಹಿಡಿಯುವುದು ಈ ಕಸುಬಿನಲ್ಲಿ ನಡೆದುಬಂದ ಪದ್ಧತಿ ಎಂದ ತಮ್ಮ. ಇಂಗ್ಲೆಂಡಿನಲ್ಲಿ ಕೈಯಲ್ಲಿ ಕಾರು ತೊಳೆಯುವ ಜಾಗಗಳಲ್ಲಿ ಕೆಲಸಗಾರರ ಶೋಷಣೆ ಎಷ್ಟಿದೆಯೆಂದರೆ, ಅನುಮಾನ ಬಂದ ಗಿರಾಕಿಗಳು ತಿಳಿಸಲೆಂದೇ ಆಧುನಿಕ ಗುಲಾಮಗಿರಿಯ ವಿರುದ್ಧ ಕೆಲಸ ಮಾಡುವ, ಚರ್ಚ್ ಆಫ್ ಇಂಗ್ಲೆಂಡಿನ ಕ್ಲೂವರ್ ಇನಿಶಿಯೇಟಿವ್ 2018ರಲ್ಲಿ ಒಂದು ಆ್ಯಪ್ ತಂದಿತು. ಯಾವ ನಳಿಕೆ ಎಲ್ಲಿಗೆ ಅಂತ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದವರು ದುಡ್ಡು ಕೊಡಬೇಕು, ಅವನಲ್ಲ. ತಮ್ಮನ ಜೊತೆ ಆ ರಾತ್ರಿ ನನಗೆ ಜೋರು ವಾದವೇ ಆಯಿತು. ಚಿಕ್ಕಮ್ಮ ನನ್ನ ಪರ ನಿಂತರು. ಸಂಬಳಕ್ಕೆ ಕೈ ಹಾಕಲಿಲ್ಲ.

ತೊಳೆಯುವ ಮೊದಲೇ ಗಾಡಿಯ ಫೋಟೋ ತೆಗೆದಿಡು ಎಂದು ತಮ್ಮನಿಗೆ ನಾನು ಸುಲಭವಾಗಿ ಹೇಳಿಬಿಟ್ಟಿದ್ದೆ. ಅದು ಇಂಗ್ಲೆಂಡಿನ ಮಾತು. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಬರುವ ಗಾಡಿಯ ಫೋಟೋ ತೆಗೆದರೆ ಕಾಣುವುದು ಕೆಸರು ಮಾತ್ರ. ಗೀರು, ನೆಗ್ಗು, ಎದ್ದ ಬಣ್ಣ ಎಲ್ಲ ಅದರಡಿ. ತಿಂಗಳಿಂದ ಇದ್ದ ಗೀರನ್ನು ಮಾಲೀಕರು ಮೊದಲ ಬಾರಿ ನೋಡುವುದೇ ತೊಳೆದ ಮೇಲೆ, ಹಾಗಾಗಿ ತೊಳೆದವರೇ ಮಾಡಿದರು ಎಂದು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಇದಕ್ಕೆ ದಾರಿ ಹುಡುಕಿದ್ದು ತಮ್ಮನೇ. ಈಗ ಮೊದಲು ಸಾದಾ ಪೈಪಿನ ನೀರು ಬಿಟ್ಟು ಮೇಲಿನ ಕೆಸರು ಇಳಿಸುತ್ತಾರೆ. ಅಲ್ಲಿಗೆ ನಿಲ್ಲಿಸಿ, ಹೋಟೆಲಿನಲ್ಲಿರುವ ಮಾಲೀಕರನ್ನು ಕರೆದು, ಇಬ್ಬರೂ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಪುಟ್ಟಿ ಕೆಲಸ ಆಗಿದೆಯಾ, ಯಾವುದಾದರೂ ಬೀಡಿಂಗ್ ಸಡಿಲ ಇದೆಯಾ ಎಂದು ಕೇಳಿ, ನಾಲ್ಕೂ ಮಗ್ಗುಲಿನ ಫೋಟೋ ತೆಗೆದು ಅವರದೇ ವಾಟ್ಸಾಪಿಗೆ ಕಳಿಸಿ, ಆಮೇಲೆ ಗನ್ನು, ಫೋಮು. ಭಾನುವಾರ ಗಾಡಿಗಳು ರಸ್ತೆವರೆಗೆ ನಿಂತಾಗ ಇದು ತಪ್ಪಿಹೋಗುತ್ತದೆ ಎಂದು ಅವನೇ ಒಪ್ಪುತ್ತಾನೆ. ಆ ದಿನಕ್ಕೆ ಇನ್ನೊಬ್ಬನನ್ನು ಇಟ್ಟುಕೋ ಎಂದು ನಾನು, ಕೂಲಿ ಎಲ್ಲಿಂದ ತರಲಿ ಎಂದು ಅವನು. ಫೋನಿನಲ್ಲಿ ಆ ಮಾತು ಇನ್ನೂ ನಡೆದಿದೆ.